ಸುಲೋಚನಾ ಅಕ್ಕೋರ ಹಾರುವ ಖುರ್ಚಿ

ಲೇಥ್ ಮುಂದೆ ಹೊಸದಾಗಿ ನಿಲ್ಲುವ ಹುಡುಗರು ಆಗಾಗ ಮನೆಗೆ ಬಂದು, "ಕಾಕಾ, ಏನರೆ ನಾಕು ಮಾತು ಹೇಳ್ರಿ" ಎಂದು ಕೇಳುತ್ತಾರೆ. ಉಪದೇಶ ಮಾಡುವಷ್ಟು ಒಳ್ಳೆಯ ಮನುಷ್ಯ ನಾನಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಊರುಗಳಲ್ಲಿ ಮೂವತ್ತು ವರ್ಷ ಕಬ್ಬಿಣ ಕಡಿದು, ಬೆಸೆದು, ಈಗ ಕಣ್ಣು ಮಂಜಾಗಿ ಕಟ್ಟೆಯ ಮೇಲೆ ಕೂತಿದ್ದೇನೆ. ನನ್ನ ಕೈ ಚಲೋ ಇತ್ತು, ಬಾಯಿ ಚಲೋ ಇರಲಿಲ್ಲ. ಕೈಯ ಕೆಲಸವನ್ನು ನಿಮಗೆ ಈಗಿನ ಮಷೀನುಗಳು ಕಲಿಸುತ್ತವೆ. ನಾನು ಬಾಯಿಯ ಕಥೆ ಹೇಳುತ್ತೇನೆ.

ನಾನು ಮೊದಲು ಕೆಲಸಕ್ಕೆ ನಿಂತದ್ದು ಎಪ್ಪತ್ತರ ದಶಕದಲ್ಲಿ, ಆಳಂದದ ರೇವಣಸಿದ್ಧಪ್ಪ ಸಾಹುಕಾರರ ವರ್ಕ್‌ಶಾಪಿನಲ್ಲಿ. ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಕಬ್ಬಿನ ಗಾಣ, ಏನು ಕೆಟ್ಟರೂ ಅಲ್ಲಿಗೇ ಬರುತ್ತಿತ್ತು. ಒಂದೇ ಆಯಿಲ್ ಎಂಜಿನ್ನು. ಅದರಿಂದ ಸೂರಿನ ಕೆಳಗಿನ ಉದ್ದನೆಯ ಶಾಫ್ಟಿಗೆ ತೊಗಲಿನ ಪಟ್ಟಾ, ಆ ಶಾಫ್ಟಿನಿಂದ ಲೇಥಿಗೊಂದು ಪಟ್ಟಾ, ಡ್ರಿಲ್ಲಿಗೊಂದು, ಸಾಣೆಗೊಂದು. ಪಟ್ಟಾ ಇಲ್ಲದೆ ತಿರುಗುವ ವಸ್ತುವನ್ನು ನಾನು ಆಗ ಕಂಡಿರಲೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಾನು ಮಾಡಿದ ಪೆದ್ದುತನ ನಿಮಗೆ ಅರ್ಥವಾಗಲು ಬೇಕು.

ಸೇರಿದ ಹೊಸದರಲ್ಲಿ ಜಿಡಗಾದ ರೈತರೊಬ್ಬರು ಪಂಪಿನ ಬುಷ್, ಅಂದರೆ ಶಾಫ್ಟಿಗೆ ತೊಡಿಸುವ ಬಳೆ, ಕೊಳ್ಳಲು ಬಂದರು. ಬುಷ್ ಕೈಯಲ್ಲಿ ಹಿಡಿದು, "ಇದು ಕಂಪನೀದೇನಪಾ?" ಎಂದು ಕೇಳಿದರು.

"ಇಲ್ರಿ, ನಿನ್ನಿ ನಾನೇ ಮಾಡೀನಿ" ಎಂದೆ, ಬಹಳ ಹೆಮ್ಮೆಯಿಂದ.

ಅವರು ಬುಷ್ ಅಲ್ಲೇ ಇಟ್ಟು ಎದುರಿನ ಅಂಗಡಿಗೆ ಹೋದರು. ಅಲ್ಲಿ ಅಂಥದೇ ಬುಷ್ ಕೊಂಡು ಸಂತೋಷದಿಂದ ಊರಿಗೆ ನಡೆದರು. ಆ ಅಂಗಡಿಗೆ ಬುಷ್ ಮಾಡಿ ಕೊಡುತ್ತಿದ್ದವನೂ ನಾನೇ.

ಸಾಹುಕಾರರು ಬೈಯಲಿಲ್ಲ. ಎಲೆಅಡಿಕೆ ಉಗುಳಿ ಬಂದು ನನ್ನನ್ನು ಹತ್ತಿರ ಕೂಡಿಸಿಕೊಂಡರು. "ನೋಡ್ಲೇ ಮಲ್ಕಣ್ಣ, ಗಿರಾಕಿ ಕೇಳೋದು ಪ್ರಶ್ನಿ ಅಲ್ಲ. ಧೈರ್ಯ ಕೇಳಾಕತ್ತಾನ. ನೀ ಧೈರ್ಯ ಕೊಡು. ಕಂಪನೀದ ಅದರಿ ಅನ್ನು. ಅನ್ನುವಾಗ ಗಿರಾಕಿ ಮಾರಿ ನೋಡಬ್ಯಾಡ, ಸಾಮಾನಿನ ಮಾರಿ ನೋಡು."

ಅವರು ಕಂಪನಿಯ ಖಾಲಿ ಡಬ್ಬಿಗಳನ್ನು ಎಸೆಯುತ್ತಿರಲಿಲ್ಲ. ನಮ್ಮ ಲೇಥಿನಲ್ಲಿ ಹುಟ್ಟಿದ ಕೂಸುಗಳನ್ನೆಲ್ಲ ಅವುಗಳಲ್ಲೇ ಮಲಗಿಸುತ್ತಿದ್ದರು. ಡಬ್ಬಿಯಂತೂ ಕಂಪನಿಯದೇ, ಅಷ್ಟು ಮಟ್ಟಿಗೆ ನಮ್ಮ ಮಾತು ಖರೇ ಎಂದು ಅವರ ಲೆಕ್ಕ.

ಸಾಹುಕಾರರು ಅಫಜಲಪುರದಲ್ಲಿ ಇನ್ನೊಂದು ಅಂಗಡಿ ತೆರೆದು ನನ್ನನ್ನು ಅಲ್ಲಿಗೆ ಕಳಿಸಿದಾಗ ಡಬ್ಬಿಯ ಆಟ ನನಗೆ ಸಾಲದೆನಿಸಿತು. ಕಂಪನಿಯ ಹೆಸರಿನ ಅಕ್ಷರಗಳ ಪಂಚುಗಳನ್ನು ನಾನೇ ಕೊರೆದು, ಮಾಡಿದ ಪ್ರತಿ ಸಾಮಾನಿನ ಮೇಲೆ ಒತ್ತತೊಡಗಿದೆ. ಅಚ್ಚಿನಲ್ಲಿ ಅಕ್ಷರ ತಿರುವುಮುರುವಾಗಿ ಕೊರೆಯಬೇಕೆಂಬುದು ನನಗೆ ಹೊಳೆಯಲಿಲ್ಲ. ಸುಗ್ಗಿಯಿಂದ ಸುಗ್ಗಿಯವರೆಗೆ ಕನ್ನಡಿಯಲ್ಲಿ ಮಾತ್ರ ಓದಲು ಬರುವ ಹೆಸರಿನ ಬುಷ್‌ಗಳು ಭೀಮಾ ದಂಡೆಯ ಎಲ್ಲ ಹೊಲಗಳಲ್ಲಿ ನೀರೆತ್ತಿದವು. ಕೊನೆಗೆ ಸೊನ್ನದ ಗಿರಾಕಿಯೊಬ್ಬರು, ನಾಲ್ಕಕ್ಷರ ಇಂಗ್ಲಿಷ್ ಬಲ್ಲವರು, "ಏನ್ರಿ ಮಿಸ್ತ್ರಿ, ಇದು ಉಲ್ಟಾ ಅದಲಾ?" ಎಂದು ಹಿಡಿದರು. ಅಂದು ಸಾಹುಕಾರರು ಅಂಗಡಿಯಲ್ಲೇ ಇದ್ದರು. ಸಾಮಾನಿನ ಮಾರಿ ನೋಡುತ್ತ, "ಅದು ಹೊರದೇಶಕ್ಕ ಹೋಗೋ ಮಾಲ್ ರಿ, ತಪ್ಪಿ ಇಲ್ಲಿಗಿ ಬಂದದ" ಎಂದರು. ಗಿರಾಕಿ ಇನ್ನೆರಡು ಕೊಂಡು ಹೋದರು.

ಅಕ್ಷರ ತಿದ್ದಿಕೊಂಡ ಮೇಲೆ ನನ್ನ ಕೈ ಎಷ್ಟು ಪಳಗಿತೆಂದರೆ, ಗಿರಣಿಯೊಂದರಲ್ಲಿ ಮುರಿದ ನನ್ನ ಗೇರನ್ನು ತಪಾಸಣೆಗೆ ಬಂದ ಕಂಪನಿಯ ಮನುಷ್ಯನೇ ತಿರುವಿ ಮುರುವಿ ನೋಡಿ, "ನಮ್ಮದೇ" ಎಂದು ಒಪ್ಪಿ, ಹೊಸ ಗೇರು ಕೊಡಿಸಿದ. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಾಹುಕಾರರಿಗೆ ಕೈಮುಗಿದು ಜೇವರ್ಗಿಗೆ ಬಂದು, ಸಂತೆ ಮೈದಾನದ ಬದಿಗೆ ಸ್ವಂತ ಲೇಥ್ ಹಾಕಿದೆ.

ಅಲ್ಲಿಗೆ ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಸುಲೋಚನಾ ಅಕ್ಕೋರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಅವರಿಗೆ ನಲವತ್ತರ ಹತ್ತಿರ. ತೆಳ್ಳಗಿನ ಹೆಂಗಸು, ಮದುವೆಯಾಗಿರಲಿಲ್ಲ. ಮಾತು ಕಡಿಮೆ, ಆಡಿದರೆ ಎದುರಿನವರು ಉತ್ತರ ಹೇಳುವವರೆಗೆ ಬಿಡುತ್ತಿರಲಿಲ್ಲ. ಕಂಕುಳಲ್ಲಿದ್ದ ನಕ್ಷೆಗಳ ಸುರುಳಿಯನ್ನು ಲೇಥಿನ ಮೇಲೆ ಬಿಡಿಸಿದರು. ಮೂರು ಗಾಲಿ, ಒಂದು ಖುರ್ಚಿ, ಖುರ್ಚಿಯ ಬೆನ್ನಿಗೆ ಎಂಜಿನ್ನು, ಅದಕ್ಕೊಂದು ಚಿಕ್ಕ ಪಂಖಾ, ತಲೆಯ ಮೇಲೆ ಎರಡು ಉದ್ದ ರೆಕ್ಕೆಯ ದೊಡ್ಡ ಪಂಖಾ. ಅಷ್ಟೇ.

"ಇದೇನ್ರಿ ಅಕ್ಕೋರ, ಹೆಲಿಕಾಪ್ಟರ್?"

"ಅಲ್ಲ, ಆಟೋಜೈರೋ. ಮನ್ಯಾಗ ಮಾಡ್ಕೊಳ್ಳೋರ ಸಲುವಾಗಿನೇ ಬರ್ದ ನಕ್ಷೆ. ಒಬ್ಬರೇ ಕೂಡೋದು."

"ಯಾರು ಕೂಡಾವ್ರು?"

"ನಾನು."

ಕಾಲೇಜು ಓದುವಾಗ ಹೈದರಾಬಾದಿನಲ್ಲಿ ಗ್ಲೈಡರ್ ಹಾರಿಸಿದ್ದರಂತೆ. ಆಮೇಲೆ ತಂದೆ ತೀರಿಕೊಂಡರು, ನೌಕರಿ ಸಿಕ್ಕಿತು, ತಮ್ಮಂದಿರನ್ನು ಓದಿಸಿದರು. ಇಪ್ಪತ್ತು ವರ್ಷ ನೆಲದ ಮೇಲೆ ನಿಂತು ಮಕ್ಕಳಿಗೆ ಗಾಳಿಯ ಒತ್ತಡ ಕಲಿಸಿದ್ದಾಯಿತು, ಇನ್ನೊಮ್ಮೆ ಅದರ ಮೇಲೆ ಕೂಡಬೇಕು ಎಂದರು. ಪರವಾನಗಿ ಯಾವ ಕಚೇರಿಯಿಂದ ಬಂತು ಎಂದು ನನ್ನನ್ನು ಕೇಳಬೇಡಿ, ನಾನು ಅಕ್ಕೋರ ಕಡೆಗೆ ಬೆರಳು ತೋರಿಸುತ್ತೇನೆ.

ಕೆಲಸ ವರ್ಷಕ್ಕೂ ಮೇಲೆ ನಡೆಯಿತು. ಅಲ್ಯೂಮಿನಿಯಂ ಪೈಪು ಹೈದರಾಬಾದಿನಿಂದ ಬಂತು. ಮೋಟಾರು ದೋಣಿಗೆ ಹಾಕುವ ಹಳೆಯ ಎಂಜಿನ್ನೊಂದು ಅಲ್ಲಿನ ಗುಜರಿಯಲ್ಲೇ ಸಿಕ್ಕಿತು. ನಾನು ಕಣ್ಣಳತೆಯವನು. ಅಕ್ಕೋರು ಕೈಯಲ್ಲಿ ಅಳತೆಯ ವರ್ನಿಯರ್ ಹಿಡಿದು ಬೆನ್ನ ಹಿಂದೆ ನಿಲ್ಲುತ್ತಿದ್ದರು. ಕೂದಲಿನಷ್ಟು ಹೆಚ್ಚುಕಡಿಮೆಯಾದರೂ, "ಮತ್ತೊಮ್ಮೆ ಮಾಡ್ರಿ ಮಲ್ಕಣ್ಣ" ಎನ್ನುತ್ತಿದ್ದರು. ಮಕ್ಕಳ ಕಾಪಿ ತಿದ್ದುವ ದನಿಯೇ ಅದು. ನಾನು ಮಾಡಿ ತಂದ ಕ್ಲ್ಯಾಂಪು, ಬೇರಿಂಗು, ಕೇಬಲು ನೋಡಿ "ಇದು ಕಂಪನೀದೇನು?" ಎಂದು ಕೇಳಿದರೆ ನನ್ನ ಬಾಯಿ ತಾನೇ ತೆರೆದು "ಹೌದ್ರಿ" ಎನ್ನುತ್ತಿತ್ತು. ಊರಿನವರು ಆ ಯಂತ್ರಕ್ಕೆ ಹಾರುವ ಖುರ್ಚಿ ಎಂದು ಹೆಸರಿಟ್ಟರು.

ಖುರ್ಚಿ ಎದ್ದು ನಿಂತಾಗ ನಕ್ಷೆಯಲ್ಲಿ ನನಗೊಂದು ದೊಡ್ಡ ತಪ್ಪು ಕಂಡಿತು. ಎಂಜಿನ್ನು ಹಿಂದಿನ ಚಿಕ್ಕ ಪಂಖಾವನ್ನು ಮಾತ್ರ ತಿರುಗಿಸುತ್ತದೆ. ತಲೆಯ ಮೇಲಿನ ದೊಡ್ಡದಕ್ಕೆ ಏನೂ ಇಲ್ಲ. ನಕ್ಷೆ ಬರೆದವನು ಪಟ್ಟಾ ಮರೆತಿದ್ದಾನೆ, ಪಾಪ, ಅಕ್ಕೋರಿಗೆ ತಿಳಿದರೆ ನೊಂದುಕೊಳ್ಳುತ್ತಾರೆ ಎಂದು, ಅವರಿಗೆ ಹೇಳದೆ ಒಂದು ಪುಲ್ಲಿ ಕೂಡಿಸಿ ಗಿರಣಿಯ ಪಟ್ಟಾ ಬಿಗಿದೆ. ಸಂತೆಯಿಲ್ಲದ ದಿನ ಖಾಲಿ ಮೈದಾನಕ್ಕೆ ನೂಕಿಕೊಂಡು ಹೋಗಿ, ನಾನೇ ಖುರ್ಚಿಯಲ್ಲಿ ಕೂತು ಎಂಜಿನ್ ಶುರು ಮಾಡಿದೆ.

ಮೇಲಿನ ಪಂಖಾ ಗಂಭೀರವಾಗಿ ಬಲಕ್ಕೆ ತಿರುಗತೊಡಗಿತು. ಅದರ ಹಿಂದೆಯೇ ಖುರ್ಚಿ, ನಾನು, ಗಾಲಿ ಎಲ್ಲ ಸೇರಿ ಎಡಕ್ಕೆ ತಿರುಗತೊಡಗಿದೆವು. ಎಂಜಿನ್ ಬಂದ್ ಮಾಡುವ ಸ್ವಿಚ್ ಕೂಡಿಸಿದವನು ನಾನೇ. ಆ ಹೊತ್ತಿಗೆ ಅದು ಎಲ್ಲಿದೆ ಎಂಬುದು ಮಾತ್ರ ನೆನಪಿಗೆ ಬರಲಿಲ್ಲ. ಜೇವರ್ಗಿ ನಾಲ್ಕೂ ದಿಕ್ಕಿನಿಂದ ನನಗೆ ಕಾಣಿಸಿತು. ಒಂದು ಸುತ್ತಿನಲ್ಲಿ ಚಹಾದಂಗಡಿ, ಇನ್ನೊಂದರಲ್ಲಿ ಕೋಳಿಗಳು, ಮೂರನೆಯದರಲ್ಲಿ ಕೊಡೆ ಹಿಡಿದು ನಿಂತ ಸುಲೋಚನಾ ಅಕ್ಕೋರು. ಪೆಟ್ರೋಲ್ ತೀರುವವರೆಗೆ ಅವರು ಅಲ್ಲೇ ನಿಂತಿದ್ದರು.

"ಮಲ್ಕಣ್ಣ, ಇದು ಗಿರಣಿ ಅಲ್ಲ" ಎಂದರು.

ಆಮೇಲೆ ಒಂದು ಕಾಗದ ಹರಿದು ಮಡಚಿ, ಜಾಲಿಮುಳ್ಳು ಚುಚ್ಚಿ, ಜೋಳದ ದಂಟಿಗೆ ಸಿಕ್ಕಿಸಿ ಗಿರಗಿಟ್ಲೆ ಮಾಡಿ ನನ್ನ ಕೈಗಿಟ್ಟರು. "ಓಡ್ರಿ." ಹೆಂಡತಿ ಮಕ್ಕಳಿರುವ ಗಂಡಸು ನಾನು, ಚಹಾದಂಗಡಿಯವರೆಲ್ಲ ನೋಡುತ್ತಿರುವಾಗ ಮೈದಾನದ ತುಂಬ ಓಡಿದೆ. ಗಿರಗಿಟ್ಲೆ ಗಿರ್ರನೆ ತಿರುಗಿತು.

"ಅದಕ್ಕ ಪಟ್ಟಾ ಯಾರು ಹಾಕ್ಯಾರ?"

"ಯಾರೂ ಇಲ್ರಿ" ಎಂದೆ, ಏದುಸಿರು ಬಿಡುತ್ತ.

"ಹಿಂದಿನ ಪಂಖಾ ಖುರ್ಚಿನ ಮುಂದ ನೂಕ್ತದ. ಮುಂದ ಹೋದಂಗ ಗಾಳಿ ಬಡದು ಮ್ಯಾಲಿಂದು ತಾನ ತಿರುಗಿ ಎತ್ತಿ ಹಿಡೀತದ. ಎಂಜಿನ್ ನಿಂತ್ರೂ ಅದು ನಿಲ್ಲಂಗಿಲ್ಲ, ಮೆಲ್ಲಕ ಕೆಳಗ ಇಳಸ್ತದ. ಆದ್ರ ನನ್ನ ಭಾರ, ಯಂತ್ರದ ಭಾರ, ಎಲ್ಲಾ ಮ್ಯಾಲಿನ ಪಂಖಾದ ನಡುವಿನ ಈ ಒಂದು ಬೋಲ್ಟಿಗೆ ಜೋತು ಬೀಳ್ತದ. ಇದು ತುಂಡಾದ್ರ ಮುಗೀತು. ಇದೊಂದು ಮಾತ್ರ ನೀವು ಮಾಡಬ್ಯಾಡ್ರಿ. ಕಂಪನೀದು ತರಸ್ತೇನಿ."

ಬೋಲ್ಟು ಅಂಚೆಯಲ್ಲಿ ಬಂತು, ಅರಳೆಯಲ್ಲಿ ಸುತ್ತಿಕೊಂಡು. ಒಂದೇ ಒಂದು. ಅದು ಕೂಡುವ ತೂತು ಕೊರೆಯುವಾಗ ಮೊದಲು ಸಣ್ಣದು ಕೊರೆದು, ಆಮೇಲೆ ತೂತು ಸವೆಸುವ ರೀಮರ್ ಹಾಕಿ ನಿಧಾನವಾಗಿ ಹದಕ್ಕೆ ತರಬೇಕೆಂದು ನಕ್ಷೆಯಲ್ಲಿ ಬರೆದಿತ್ತು, ಅಕ್ಕೋರು ಓದಿಯೂ ಹೇಳಿದ್ದರು. ನನಗೆ ಆ ದಿನ ಅವಸರ. ಬೋಲ್ಟು ಅರ್ಧಕ್ಕೆ ಸಿಕ್ಕಿಕೊಂಡಿತು. ಸುತ್ತಿಗೆಯಿಂದ ಎರಡೇಟು ಹಾಕಿದೆ. ಹೊರಗೆ ತೆಗೆದು ನೋಡಿದರೆ ಥ್ರೆಡ್ಡು ನುಗ್ಗಾಗಿತ್ತು.

ಆಗ ಹೇಳಬೇಕಿತ್ತು. ನಾನು ಏನು ಮಾಡಿದೆನೆಂದರೆ, ಟ್ರ್ಯಾಕ್ಟರಿನ ಮುರಿದ ಶಾಫ್ಟೊಂದನ್ನು ಕಡಿದು, ಅದೇ ಅಳತೆಯ ಬೋಲ್ಟು ಮಾಡಿ, ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡುಸು ಮಾಡಿ, ತಲೆಯ ಮೇಲಿನ ಗುರುತುಗಳನ್ನೂ ಒತ್ತಿ, ಉಜ್ಜಿ ಹೊಳಪು ಕೊಟ್ಟೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನದೇ ಚಂದ ಕಾಣುತ್ತಿತ್ತು. ನಾಚಿಕೆಗಿಂತ ಹೆಚ್ಚು ಹೆಮ್ಮೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅಕ್ಕೋರು ಕೂಡಿಸಿದ ಬೋಲ್ಟನ್ನು ಕನ್ನಡಕ ಏರಿಸಿ ನೋಡಿದರು.

"ಕಂಪನೀದೇ ಹೌದಲ್ರಿ?"

"ಹೌದ್ರಿ ಅಕ್ಕೋರ, ಕಂಪನೀದ" ಎಂದೆ, ಬೋಲ್ಟಿನ ಮಾರಿ ನೋಡುತ್ತ.

ಮೊದಲು ಹಾರಲು ಗೊತ್ತುಮಾಡಿದ್ದು ಅಂದೋಲಾದ ಆಚೆ, ಕಲ್ಲಿಲ್ಲದ, ಸಪಾಟಾದ ಒಂದು ಮರಡಿ ನೆಲದಲ್ಲಿ. ಬಾಡಿಗೆ ಜೀಪಿನ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು, ಎಂಜಿನ್ನಿಗೂ ಸ್ವಲ್ಪ ವೇಗ ಕೊಟ್ಟು, ಒಂದಾಳೆತ್ತರ ಎದ್ದು ಇಳಿಯಬೇಕು. ಬೆಳಗಿನ ಗಾಳಿ ಶಾಂತವಾಗಿದ್ದಾಗ ಮಾತ್ರ ಆಗುವ ಕೆಲಸ, ಬಿಸಿಲೇರಿದರೆ ಮುಂದಿನ ಭಾನುವಾರ. ಆ ಭಾನುವಾರ ಹತ್ತಿರ ಬಂದ ಹಾಗೆ ಅಂಗಡಿಯಲ್ಲಿ ಒಂದು ಚೂರು ಕಬ್ಬಿಣ ಕೆಳಗೆ ಬಿದ್ದು ಸದ್ದಾದರೂ ಬೋಲ್ಟೇ ಮುರಿಯಿತೆಂದು ತಿರುಗಿ ನೋಡುತ್ತಿದ್ದೆ. ಖರೇ ಹೇಳಿಬಿಡುವುದೊಂದನ್ನು ಬಿಟ್ಟು ಮಿಕ್ಕ ಎಲ್ಲ ಉಪಾಯಗಳನ್ನೂ ಮಾಡಿದೆ.

ಮೊದಲ ಭಾನುವಾರ ಪೆಟ್ರೋಲಿಗೆ ಒಂದು ಲೋಟ ನೀರು ಸುರಿದೆ. ಎಂಜಿನ್ನು ಕೆಮ್ಮಿ ನಿಂತಿತು. ಅಕ್ಕೋರು ಪೆಟ್ರೋಲನ್ನು ಗಾಜಿನ ಶೀಶೆಗೆ ಬಸಿದು ನೋಡಿದರು. ನೋಡಲು ಬಂದಿದ್ದ ಶಾಲೆಯ ಮಕ್ಕಳನ್ನು ಸುತ್ತ ಕೂಡಿಸಿ, ನೀರು ಏಕೆ ಕೆಳಗೆ ನಿಲ್ಲುತ್ತದೆ, ಪೆಟ್ರೋಲ್ ಏಕೆ ಮೇಲೆ ತೇಲುತ್ತದೆ ಎಂದು ಪಾಠ ಮಾಡಿದರು. ಪಾಠ ಮುಗಿಯುವಷ್ಟರಲ್ಲಿ ಗಾಳಿ ಎದ್ದಿತು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಎರಡನೆಯ ಭಾನುವಾರ ಸ್ಪಾರ್ಕ್ ಪ್ಲಗ್ ಬಿಚ್ಚಿ ಕಿಸೆಗೆ ಹಾಕಿಕೊಂಡೆ. ಅಕ್ಕೋರು ಪರ್ಸಿನಿಂದ ಇನ್ನೊಂದು ಪ್ಲಗ್ ತೆಗೆದರು. ಯಾವ ಹೆಂಗಸು ಪರ್ಸಿನಲ್ಲಿ ಸ್ಪಾರ್ಕ್ ಪ್ಲಗ್ ಇಟ್ಟುಕೊಳ್ಳುತ್ತಾಳೆ? ಪುಣ್ಯಕ್ಕೆ ಅಂದು ಜೀಪೇ ಕೆಟ್ಟಿತು. ಅದನ್ನು ಕೆಡಿಸಿದವನು ನಾನಲ್ಲ, ದೇವರಾಣೆ.

ಮೂರನೆಯ ಭಾನುವಾರ ನಸುಕಿನಲ್ಲೇ ಅವರ ಮನೆಗೆ ಹೋಗಿ, "ಅಕ್ಕೋರ, ಇವತ್ತ ಅಮಾಸಿ ಅದರಿ. ಬ್ಯಾಡ್ರಿ" ಎಂದೆ.

"ನಾವು ಬಸವಣ್ಣನ ಒಕ್ಕಲು. ನಮಗೆಲ್ಲಿ ಅಮಾಸಿ? ನಿಮಗೂ ಇಲ್ಲ. ನಡೀರಿ" ಎಂದು ಚಪ್ಪಲಿ ಮೆಟ್ಟಿದರು.

ಮರಡಿಯ ಮೇಲೆ ಎಲೆ ಅಲ್ಲಾಡದಷ್ಟು ಶಾಂತ. ಅಕ್ಕೋರು ಸೆರಗು ಸೊಂಟಕ್ಕೆ ಬಿಗಿದು, ತಲೆಗೆ ಶಿರಸ್ತ್ರಾಣ ಹಾಕಿ ಖುರ್ಚಿಯಲ್ಲಿ ಕೂತು ಪಟ್ಟಿ ಕಟ್ಟಿಕೊಂಡರು. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಜೀಪಿನವನು ಹಿಂದಿರುಗಿ ನೋಡಿದ. ಅಕ್ಕೋರ ಮುಖದ ಮೇಲೆ ಎಂದೂ ಕಾಣದ ಒಂದು ನಗು ಇತ್ತು. ಚಿಕ್ಕ ಹುಡುಗಿಯರಿಗೆ ಇರುವಂಥದ್ದು. ಅದನ್ನು ಕಂಡು ಓಡಿಹೋಗಿ ಖುರ್ಚಿಗೂ ಜೀಪಿಗೂ ನಡುವೆ ಹಗ್ಗದ ಮೇಲೆ ನಿಂತುಕೊಂಡೆ.

ಅವರು ಎಂಜಿನ್ ಬಂದ್ ಮಾಡಿದರು. "ಏನಾತು?"

"ಅಕ್ಕೋರ, ಬೋಲ್ಟ್ ಕಂಪನೀದಲ್ರಿ. ನಾ ಮಾಡೀನಿ."

ಅವರು ಪಟ್ಟಿ ಬಿಚ್ಚಿ ಇಳಿದರು. ಖುರ್ಚಿಯನ್ನು ಜೀಪಿಗೆ ಕಟ್ಟಿ ಜೇವರ್ಗಿಗೆ ತಂದೆವು. ಅಂಗಡಿಗೆ ಬಂದ ಮೇಲೆ, "ಬೋಲ್ಟ್ ಬಿಚ್ರಿ. ವೈಸಿಗೆ ಹಿಡೀರಿ. ಸುತ್ತಿಗಿ ತಗೋರಿ" ಎಂದರು. "ಹೊಡೀರಿ."

ನಾನು ಹಗುರವಾಗಿ ಹೊಡೆದೆ.

"ಹಂಗಲ್ಲ. ನನ್ನ ಭಾರ ಹಾಕಿ ಹೊಡೀರಿ."

ಹೊಡೆದೆ. ಒಂದೇ ಏಟಿಗೆ ತಲೆ ಹಾರಿ ಮೂಲೆಗೆ ಬಿತ್ತು. ಗಡುಸು ಮಾಡಿದ ಮೇಲೆ ಮತ್ತೆ ಸ್ವಲ್ಪ ಕಾಯಿಸಿ ಹದ ಕೊಡಬೇಕಿತ್ತು, ಹೊಳಪಿನ ಆಸೆಗೆ ಅದನ್ನು ಬಿಟ್ಟಿದ್ದೆ. ಬೋಲ್ಟು ಬಳೆಚೂರಿನ ಹಾಗೆ ಮುರಿದಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಗಂಡಸು ಅಳಬಾರದು ಎನ್ನುತ್ತಾರೆ, ಅತ್ತೆ.

ಅಕ್ಕೋರು ನೀರು ಕೊಟ್ಟರು. ಆಮೇಲೆ ಪರ್ಸಿನಿಂದ ಸೀಮೆಸುಣ್ಣ ತೆಗೆದು ಕೈಗಿಟ್ಟರು. "ಇದರಾಗ ಇನ್ನೂ ಏನೇನು ಕಂಪನೀದಲ್ಲ, ಬರೀರಿ."

"ಎಲ್ಲಿ ಬರೀಲ್ರಿ?"

"ಬಾಗಲ ಮ್ಯಾಲ."

ಕ್ಲ್ಯಾಂಪಿನಿಂದ ಶುರುವಾದದ್ದು ಒಂದು ಬಾಗಿಲು ತುಂಬಿ ಇನ್ನೊಂದು ಬಾಗಿಲಿಗೆ ದಾಟಿತು. ದಾರಿಯಲ್ಲಿ ಹೋಗುವ ಗಿರಾಕಿಗಳು ನಿಂತು ಓದಿದರು. ಅಕ್ಕೋರು ಹಿಂದೆ ಸ್ಟೂಲು ಹಾಕಿಕೊಂಡು ಕೂತು, "ಬೇರಿಂಗಿನ 'ರಿ'ಗೆ ದೀರ್ಘ ಬ್ಯಾಡ" ಎಂದು ತಪ್ಪನ್ನೂ ತಿದ್ದಿಸಿದರು.

ಬರೆದು ಮುಗಿದ ಮೇಲೆ ಕೇಳಿದೆ: "ಬ್ಯಾರೆ ಮಿಸ್ತ್ರಿನ ನೋಡ್ತೀರೇನ್ರಿ?"

"ಯಾರನ್ನ ನೋಡ್ಲಿ? ಅವ್ರೂ ಕಂಪನೀದ ಅಂತಾರ. ನೀವು ಒಮ್ಮೆರೆ ಹಗ್ಗದ ಮ್ಯಾಲ ನಿಂತೀರಿ. ನಾಳಿಂದ ಶುರು ಮಾಡ್ರಿ."

ಮತ್ತೆ ಹತ್ತು ತಿಂಗಳು ಹಿಡಿಯಿತು. ಬಾಗಿಲ ಮೇಲಿನ ಒಂದೊಂದು ಸಾಲಿನ ಸಾಮಾನನ್ನೂ ಸರಿಮಾಡಿ, ಅವರ ಎದುರಿಗೇ ಆ ಸಾಲು ಒರೆಸಿದೆ. ಕೆಲವಕ್ಕೆ ಹೊಸ ಮಾಲು ತರಿಸಿದರು. ಕೆಲವನ್ನು ನಾನು ಮಾಡಿದ್ದೇ ಪರೀಕ್ಷೆಗೆ ಹಚ್ಚಿ, ಗೋಣಿಚೀಲದ ತುಂಬ ಮರಳು ತೂಗುಹಾಕಿ, ತಡೆದರೆ ಇರಲಿ ಎಂದರು. ಹೊಸ ಬೋಲ್ಟು ಬಂತು. ಈ ಸಲ ರೀಮರ್ ಹಿಡಿದು ಒಂದಿಡೀ ದಿನ ಕೂತೆ. ಜೀಪಿಗೆ ಕಟ್ಟಿಕೊಂಡು ಮೊಳದೆತ್ತರ, ಆಳೆತ್ತರ, ಎರಡಾಳೆತ್ತರ ಹಾರಿ ಅವರು ಕೈ ಹದ ಮಾಡಿಕೊಂಡರು. ಹಗ್ಗವಿಲ್ಲದೆ ಹಾರುವ ದಿನ ಗೊತ್ತಾಯಿತು.

ಅಂದು ಮರಡಿಯ ಸುತ್ತ ಜೇವರ್ಗಿ, ಅಂದೋಲಾ ಎರಡೂ ಊರು ನೆರೆದಿದ್ದವು. ಪ್ರತಿ ಸಲ ಹತ್ತುವ ಮೊದಲು ಅಕ್ಕೋರು ತಾವೇ ಕೆಳಗಿನಿಂದ ಮೇಲಿನವರೆಗೆ ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ಅಂದು ಏನನ್ನೂ ಮುಟ್ಟಲಿಲ್ಲ. ಹೋಗಿ ಕೂತರು, ಪಟ್ಟಿ ಕಟ್ಟಿಕೊಂಡರು, ನನ್ನ ಕಡೆ ತಿರುಗಿದರು.

"ಮಲ್ಕಣ್ಣ, ಹಾರಲೇನು?"

ನಾನು ಮೇಲೆ ನೋಡಿದೆ. ಬೋಲ್ಟಿನ ನಟ್ಟು ಬಿಚ್ಚಿಕೊಳ್ಳದಂತೆ ಅದರಲ್ಲಿ ತೂರಿಸುವ ಚಿಕ್ಕ ಪಿನ್ನು ಅಲ್ಲಿತ್ತು, ಅದನ್ನು ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಹಿಂದಿನ ದಿನ ಎಣ್ಣೆ ಬಿಡಲು ಬಿಚ್ಚಿದ್ದೆ. ಹೊಸದು ತೀರಿತ್ತು, ಹಳೆಯದನ್ನೇ ನೆಟ್ಟಗೆ ಮಾಡಿ ತೂರಿಸಿದ್ದೆ. ನೋಡಿದವರಿಗೆ ಯಾರಿಗೂ ತಿಳಿಯದು. ಬಹುಶಃ ಏನೂ ಆಗುತ್ತಲೂ ಇರಲಿಲ್ಲ. ಎರಡೂರಿನ ಜನ ನನ್ನ ಬಾಯಿ ನೋಡುತ್ತಿದ್ದರು.

"ಬ್ಯಾಡ್ರಿ" ಎಂದೆ. "ಪಿನ್ನು ಹಳೇದ ಹಾಕೀನಿ. ಹೊಸದು ಗುಲಬರ್ಗಾದಿಂದ ತರಬೇಕು."

ಜನ ಹೋ ಎಂದು ನಕ್ಕರು. "ಒಂದು ಪಿನ್ನಿಗಿ ಇಷ್ಟ್ಯಾಕಲೇ?" ಎಂದು ಯಾರೋ ಕೂಗಿದರು. ಅಕ್ಕೋರು ಯಾಕೆ ಎಂದು ಕೇಳಲಿಲ್ಲ, ಮೇಲೆ ತಿರುಗಿಯೂ ನೋಡಲಿಲ್ಲ. ಪಟ್ಟಿ ಬಿಚ್ಚಿ ಇಳಿದು, ಚಪ್ಪಲಿ ಮೆಟ್ಟಿ, ಶಾಲೆಯ ಕಾಪಿಗಳ ಚೀಲ ಹೆಗಲಿಗೆ ಹಾಕಿಕೊಂಡು ಜೀಪಿನಲ್ಲಿ ಕೂತರು.

ಮುಂದಿನ ಭಾನುವಾರ ನೋಡಲು ಬಂದವರು ಏಳೆಂಟು ಮಂದಿ ಮಾತ್ರ. ಅಕ್ಕೋರು ಅದೇ ಮಾತು ಕೇಳಿದರು. ಹಾರ್ರಿ ಎಂದೆ. ಖುರ್ಚಿ ಮರಡಿಯ ಉದ್ದಕ್ಕೂ ಓಡಿ, ಒಮ್ಮೆ ಕುಪ್ಪಳಿಸಿ, ಜಾಲಿಗಿಡಗಳ ಮೇಲೆ ಎದ್ದು, ತೊಗರಿ ಹೊಲಗಳನ್ನು ದಾಟಿ, ಅಂದೋಲಾದ ದಿಕ್ಕಿಗೆ ದೊಡ್ಡದೊಂದು ಸುತ್ತು ಹೊಡೆಯಿತು. ಅಷ್ಟು ವರ್ಷ ನಾನು ಮಾಡಿದ ಸಾಮಾನು ಗಿರಾಕಿಯ ಕೈಗೆ ಹೋಗುವಾಗ ಅವರ ಮಾರಿ ನೋಡದೆ ತಲೆ ತಗ್ಗಿಸುತ್ತಿದ್ದವನು. ಅವರು ತಿರುಗಿ ಬಂದು ಇಳಿಯುವವರೆಗೂ ಒಂದು ಗಳಿಗೆಯೂ ಅಂಜಿಕೆಯಿಲ್ಲದೆ ಕತ್ತೆತ್ತಿ ನೋಡುತ್ತಲೇ ನಿಂತಿದ್ದೆ.